ಮಳೆ ನೆರಳಿನ ಊರಿನಲ್ಲಿ ಮಳೆ

ಸಂಪಾಜೆ

ಮಡಿಕೇರಿಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದಷ್ಟು ಕಾಲ ನಾನು ವರ್ಷಕ್ಕೊಮ್ಮೆ ಕಪ್ಪುಹಲಗೆಯ ಮೇಲೆ ಒಂದು ಬೆಟ್ಟ ಬರೆಯುತ್ತಿದ್ದೆ. ಬೆಟ್ಟದ ಒಂದು ಮಗ್ಗುಲಿಗೆ ಮೋಡ, ಓರೆ ಗೆರೆಗಳ ಮಳೆ. ಇನ್ನೊಂದು ಮಗ್ಗುಲು ಖಾಲಿ. ಆ ಖಾಲಿ ಜಾಗವನ್ನು ಕೋಲಿನಿಂದ ಮುಟ್ಟಿ, "ಇದು ಮಳೆ ನೆರಳಿನ ಪ್ರದೇಶ. ಬೆಟ್ಟ ದಾಟುವಷ್ಟರಲ್ಲಿ ಮೋಡ ಬರಿದಾಗಿರುತ್ತದೆ" ಎನ್ನುತ್ತಿದ್ದೆ. ಹಿಂದಿನ ಬೆಂಚಿನವರು ನಂಬದ ಮುಖ ಮಾಡಿಕೊಂಡು ಕೂತಿರುತ್ತಿದ್ದರು. ಜೂನ್‌ನಲ್ಲಿ ಒದ್ದೆಯಾದ ಯೂನಿಫಾರ್ಮು ದಸರಾ ತನಕ ಪೂರ್ತಿ ಒಣಗದ ಊರಿನ ಮಕ್ಕಳು ಅವರು. ಮೂಲೆಗೆ ಒರಗಿಸಿದ ಕೊಡೆಗಳಿಂದ ಇಳಿದ ನೀರು ಬೆಂಚಿನ ಕಾಲಿನವರೆಗೆ ಹರಿದು ಬರುತ್ತಿರುವಾಗ ನಾನು ಅವರಿಗೆ ಮಳೆಯಿಲ್ಲದ ನಾಡಿನ ಪಾಠ ಹೇಳುತ್ತಿದ್ದೆ.

ಅಂಥ ನಾಡೊಂದಕ್ಕೆ ಹೋಗುವ ಸಂದರ್ಭ ಬಂದದ್ದು ನಿವೃತ್ತಿಯಾದ ಮೇಲೆ. ಅದೂ ನನಗಾಗಿ ಅಲ್ಲ, ನನ್ನ ಅಣ್ಣ ಬೆಳ್ಯಪ್ಪನಿಗಾಗಿ.

ಸಂಪಾಜೆಯ ಮೇಲಿನ ಇಳಿಜಾರಿನಲ್ಲಿ ಅಣ್ಣನ ಕಾಫಿ, ಏಲಕ್ಕಿ ತೋಟ ಇತ್ತು. ಕೆಲವು ವರ್ಷಗಳ ಹಿಂದೆ ಒಂದು ಆಗಸ್ಟಿನಲ್ಲಿ ಬೆಟ್ಟ ಜಾರಿತು. ತೋಟ, ಮನೆ, ಕೊಟ್ಟಿಗೆ ಎಲ್ಲವೂ ಹೋದವು. ಅಣ್ಣ, ಅತ್ತಿಗೆ ಉಳಿದರು. ಈಗ ಅವರು ಕೆಳಗೆ ಸಂಪಾಜೆಯಲ್ಲೇ, ಹೊಳೆಯಿಂದ ತುಸು ಮೇಲೆ, ಸಣ್ಣ ಮನೆ ಮಾಡಿಕೊಂಡಿದ್ದಾರೆ. ಬೇಸಗೆಯಲ್ಲಿ ಅಣ್ಣ ಎಲ್ಲರ ಹಾಗೆಯೇ ಇರುತ್ತಾನೆ. ಜುಲೈ-ಆಗಸ್ಟಿನ ಆಟಿ ತಿಂಗಳು ಬಂತೆಂದರೆ ಬೇರೆಯೇ ಮನುಷ್ಯ.

ಆಟಿ ಎಂದರೆ ಹಿಂದೆ ನಮಗೆ ಸುಖದ ತಿಂಗಳು. ನಾಟಿ ಮುಗಿದು, ಹೊರಗೆ ಹೋಗಲಾಗದೆ, ಎಲ್ಲರೂ ಒಲೆಯ ಸುತ್ತ ಕೂರುವ ಕಾಲ. ಕೆಂಡದಲ್ಲಿ ಹಲಸಿನ ಬೀಜ ಸುಟ್ಟು ಅಂಗೈಯಿಂದ ಅಂಗೈಗೆ ಹಾರಿಸುತ್ತ ತಿನ್ನುತ್ತಿದ್ದೆವು. ಆಟಿಸೊಪ್ಪಿನ ನೇರಳೆ ಬಣ್ಣದ ಪಾಯಸ ಕುಡಿದು, ಯಾರ ನಾಲಿಗೆ ಹೆಚ್ಚು ನೇರಳೆಯಾಗಿದೆ ಎಂದು ತೋರಿಸಿಕೊಳ್ಳುತ್ತಿದ್ದೆವು. ಆಗ ಮಳೆ ವಾರಗಟ್ಟಲೆ ಒಂದೇ ಹದದಲ್ಲಿ ಬೀಳುತ್ತಿತ್ತು. ಹಗಲಿಡೀ ಒಂದೇ ರಾಗ. ಅಮ್ಮ ಅದಕ್ಕೆ "ಮಾತಾಡುವ ಮಳೆ" ಎನ್ನುತ್ತಿದ್ದಳು. ಅದರ ಮಾತು ಕೇಳುತ್ತಾ ಕೇಳುತ್ತಾ ನಮಗೆ ನಿದ್ದೆ ಬಂದುಬಿಡುತ್ತಿತ್ತು.

ಈಗ ಅಣ್ಣನಿಗೆ ಅದೇ ಸದ್ದಿಗೆ ಎಚ್ಚರವಾಗುತ್ತದೆ.

"ಜಾನಕಿ, ಇವ್ರು ಸರಿಯಾಗಿ ನಿದ್ದೆ ಮಾಡದೆ ವಾರ ಕಳೀತು" ಎಂದು ಅತ್ತಿಗೆ ಫೋನಿನಲ್ಲಿ ಹೇಳಿದರು. "ಗುಡ್ಡೆ ನೋಡುದೇ ಕೆಲಸ ಆಗಿದೆ. ಈ ಆಟಿ ಮುಗಿಯುವ ತನಕ ಎಲ್ಲಾದ್ರೂ ಮಳೆ ಇಲ್ಲದ ಕಡೆ ಕರ್ಕೊಂಡು ಹೋಗು ಮಾರಾಯ್ತಿ. ನಂಗೆ ದನ ಬಿಟ್ಟು ಬರ್ಲಿಕ್ಕೆ ಆಗುದಿಲ್ಲ."

ನಮ್ಮ ಮನೆಮಾತು ಅರೆಭಾಷೆ. ಓದುವವರಿಗೆ ತೊಡಕಾಗಬಾರದೆಂದು ಇಲ್ಲಿ ಸ್ವಲ್ಪ ತಿಳಿಮಾಡಿ ಬರೆಯುತ್ತಿದ್ದೇನೆ.

ಮಳೆ ಇಲ್ಲದ ಕಡೆ ಎಂದಾಗ ನನಗೆ ಹಲಗೆಯ ಮೇಲಿನ ಆ ಖಾಲಿ ಮಗ್ಗುಲು ನೆನಪಾಯಿತು. ನೇಪಾಳದ ಮುಸ್ತಾಂಗ್ ಹಿಮಾಲಯದ ಆಚೆ ಮಗ್ಗುಲಿನ ನಾಡು. ಆಗಸ್ಟಿನಲ್ಲೂ ಅಲ್ಲಿ ಧೂಳು ಹಾರುತ್ತದೆ ಎಂದು ಓದಿದ್ದೆ. ಅಲ್ಲೇ ಮುಕ್ತಿನಾಥವೂ ಇದೆ. ಯಾತ್ರೆ ಎಂದರೆ ಅಣ್ಣ ಒಪ್ಪುತ್ತಾನೆ. ಒಪ್ಪಿದ.

ವಿಮಾನದಲ್ಲಿ

ಇಲ್ಲಿ ಅಣ್ಣನ ಒಂದು ನಂಬಿಕೆಯ ವಿಷಯ ಹೇಳಲೇಬೇಕು.

ಬೆಟ್ಟ ಜಾರಿದ ಮೇಲೆ ನಮ್ಮ ಕಡೆ ಎಲ್ಲರ ಬಳಿಯೂ ಒಂದೊಂದು ಕಾರಣ ಹುಟ್ಟಿಕೊಂಡಿತು. ಸಂಪಾಜೆಯ ಚಹಾ ಅಂಗಡಿಯವರ ಪ್ರಕಾರ ಮೊಬೈಲ್ ಟವರಿನ ಶಾಖಕ್ಕೆ ಮೋಡ ಒಡೆಯುತ್ತದೆ. ನಮ್ಮ ಚಿಕ್ಕಮ್ಮನ ಪ್ರಕಾರ ಗ್ಯಾಸ್ ಒಲೆಯದ್ದೇ ತಪ್ಪು. ಮನೆಮನೆಯಿಂದ ಸೌದೆಯ ಹೊಗೆ ಏಳುತ್ತಿದ್ದಾಗ ಮಂಜು ಅದರ ಮೇಲೆ ಹಿತವಾಗಿ ಕೂರುತ್ತಿತ್ತಂತೆ; ಹೊಗೆ ನಿಂತ ಮೇಲೆ ಮಂಜಿಗೆ ಕೂರಲು ಜಾಗವಿಲ್ಲ. ಅಣ್ಣ ಹಿಡಿದದ್ದು ವಿಮಾನವನ್ನು.

"ಮೊದಲು ಮೋಡ ಜರಡಿ ಹಾಗೆ ಇತ್ತು. ಹನಿ ಹನಿಯಾಗಿ ಇಳೀತಿತ್ತು" ಎನ್ನುತ್ತಾನೆ. "ಈಗ ದಿನಾ ವಿಮಾನ ಹೋಗಿ ಹೋಗಿ ಹರಿದ ಗೋಣಿ ಆಗಿದೆ. ಒಂದೇ ಸಲ ಸುರೀತದೆ."

ನಾನು ನನ್ನ ಪಾಠ ಹೇಳುತ್ತೇನೆ. ಕಲ್ಲಿದ್ದಲು, ಪೆಟ್ರೋಲಿನ ಹೊಗೆ ಭೂಮಿಗೆ ಕಂಬಳಿ ಹೊದಿಸಿದ ಹಾಗೆ ಆಗಿದೆ. ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರು ಹಿಡಿದಿಟ್ಟುಕೊಳ್ಳುತ್ತದೆ, ಆಮೇಲೆ ಒಮ್ಮೆಗೇ ಬಿಡುತ್ತದೆ. ಅಣ್ಣ ತಾಳ್ಮೆಯಿಂದ ಕೇಳುತ್ತಾನೆ. ಕೊನೆಗೆ, "ಪುಸ್ತಕದಲ್ಲಿ ಹಾಗೆ ಉಂಟಾ" ಎಂದು ಕೇಳಿ ಎಲೆಗೆ ಸುಣ್ಣ ಹಚ್ಚುತ್ತಾನೆ.

ಅವನಿಗೆ ಅದು ಮೊದಲ ವಿಮಾನ ಪ್ರಯಾಣ. ಕಿಟಕಿಗೆ ಮೂಗು ತಾಗಿಸಿಕೊಂಡು ಕೂತಿದ್ದ. ಬಿಳಿ ಮೋಡದೊಳಗೆ ನುಗ್ಗಿ ಮೇಲೆ ಬಂದಾಗ ನನ್ನ ಮೊಣಕೈ ತಿವಿದು, "ನೋಡಿದೆಯಾ" ಎಂದ.

"ಎಲ್ಲಿ ಹರಿದಿದೆ? ಹಿಂದಿನಿಂದ ಹಾಗೇ ಕೂಡಿಕೊಂಡಿತಲ್ಲ ಅಣ್ಣ."

ಅವನು ಮತ್ತೊಮ್ಮೆ ಬಗ್ಗಿ ಕೆಳಗೆ ನೋಡಿದ.

"ಮೇಲಿಂದ ಗಾಯ ಕಾಣುದಿಲ್ಲ" ಎಂದ.

ಪೋಖರಾ

ಪೋಖರಾದಲ್ಲಿ ಇಳಿದಾಗ ಧಾರಾಕಾರ ಮಳೆ. ಅಣ್ಣ ನನ್ನ ಮುಖ ನೋಡಿದ. ಹೋಟೆಲಿನ ಕೋಣೆ ಸೇರಿ ಕಿಟಕಿ ಪರದೆ ಎಳೆದ ಮೇಲೆ, "ಇದು ಬೆಟ್ಟದ ಈಚೆ ಮಗ್ಗುಲು ಅಣ್ಣ. ಆಚೆಗೆ ಹೋದರೆ ಇರುವುದಿಲ್ಲ" ಎಂದೆ.

"ಆಯ್ತು" ಎಂದ. ಕೋಟು ಬಿಚ್ಚಲಿಲ್ಲ. ಹಾಸಿಗೆಯ ಅಂಚಿನಲ್ಲಿ, ಕರೆದರೆ ಎದ್ದು ಓಡುವವರ ಹಾಗೆ ಕೂತುಕೊಂಡ.

ಆ ಊರಿನ ಮಳೆಯ ವಾಸನೆ ಮಾತ್ರ ನನ್ನನ್ನು ಎಲ್ಲಿಗೋ ಕರೆದುಕೊಂಡು ಹೋಯಿತು. ಗೋಡೆಗಳ ಮೇಲೆ ಪಾಚಿ, ಕಲ್ಲು ಸಂದಿಯಲ್ಲಿ ಜರಿಗಿಡ, ಬೀದಿಯ ಕೊನೆಯಲ್ಲಿ ನಿಂತ ಮಂಜು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಡಿಕೇರಿ ಹೀಗೇ ಇತ್ತು. ಕಿಟಕಿ ತೆರೆದಿದ್ದರೆ ಮಂಜು ತರಗತಿಯೊಳಗೇ ಬಂದು ಕೂರುತ್ತಿತ್ತು. ಹಾಜರಿ ಕರೆದರೆ ಹಿಂದಿನ ಸಾಲಿನಿಂದ ದನಿ ಮಾತ್ರ ಬರುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಈಗಿನ ಟೀಚರುಗಳಿಗೆ ಹೇಳಿದರೆ ನಾನು ಉಪ್ಪುಖಾರ ಹಚ್ಚುತ್ತಿದ್ದೇನೆ ಅಂದುಕೊಳ್ಳುತ್ತಾರೆ.

ಮರುದಿನ ಜೀಪು ಹತ್ತಿದೆವು. ಚಾಲಕನ ಹೆಸರು ತಾಶಿ. ಮುಸ್ತಾಂಗಿನವನೇ. ನಮ್ಮ ಜೊತೆ ಪುಣೆಯ ಗಂಡಹೆಂಡಿರಿದ್ದರು. ದಾರಿಯಲ್ಲಿ ಮಣ್ಣು ಕುಸಿದು ವಾಹನಗಳು ನಿಂತಾಗ ಎಲ್ಲರೂ ಇಳಿದೆವು. ಸ್ವಲ್ಪ ಹೊತ್ತಿಗೆ ಪುಣೆಯವರ ಮುಖ ಬಿಳಿಚಿಕೊಂಡಿತು. ಕಾಲ್ಚೀಲದ ಮೇಲೆ ಜಿಗಣೆ, ತುಂಬಿಕೊಂಡು ದ್ರಾಕ್ಷಿಯಂತಾಗಿದೆ. ಅಣ್ಣ ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದ. ಅಷ್ಟರಲ್ಲಿ ತಾಶಿ ಉಪ್ಪಿನ ಪೊಟ್ಟಣ ತಂದ. ಪುಣೆಯವರು ಕಾಲು ಎತ್ತಿಕೊಂಡು ನಿಂತೇ ಇದ್ದರು. ಇವರಿಬ್ಬರೂ ಸುಣ್ಣ ಮೇಲೋ ಉಪ್ಪು ಮೇಲೋ ಎಂದು ಚರ್ಚೆಗೆ ತೊಡಗಿದರು. ಅಣ್ಣನ ಹಿಂದಿ ತೋಟಕ್ಕೆ ಬರುತ್ತಿದ್ದ ಅಸ್ಸಾಮಿನ ಕೆಲಸಗಾರರಿಂದ ಕಲಿತದ್ದು. ತಾಶಿಗೆ ಅದು ಚೆನ್ನಾಗಿ ಅರ್ಥವಾಯಿತು. ಅವನ ತಾಯಿ ಹರೆಯದಲ್ಲಿ ಚಳಿಗಾಲಕ್ಕೆಲ್ಲ ಅಸ್ಸಾಮಿಗೆ ಹೋಗಿ ಸ್ವೆಟರ್ ಮಾರುತ್ತಿದ್ದಳಂತೆ. ಥೇಟ್ ನಿಮ್ಮ ಹಾಗೇ ಮಾತಾಡುತ್ತಾಳೆ, ನಮ್ಮ ಮನೆಯಲ್ಲೇ ಯಾತ್ರಿಕರಿಗೆ ಇಳಿಯಲು ಕೋಣೆಗಳಿವೆ, ಅಲ್ಲೇ ಉಳಿಯಿರಿ ಎಂದ.

ಜೋಮ್‌ಸೋಮ್

ಕಣಿವೆ ಕಿರಿದಾಗುತ್ತ ಹೋಗಿ, ಒಂದು ಕಡೆ ಕಾಡು ನಿಂತೇಹೋಯಿತು. ನಂತರ ಅಲ್ಲೊಂದು ಇಲ್ಲೊಂದು ಪೈನ್ ಮರ. ಆಮೇಲೆ ಅದೂ ಇಲ್ಲ. ಬೂದು ಬೆಟ್ಟ, ಬೂದು ಹೊಳೆ, ತೊಳೆದಿಟ್ಟಂಥ ಆಕಾಶ. ನನ್ನ ಹಲಗೆಯ ಖಾಲಿ ಮಗ್ಗುಲಿಗೆ ನಾನೇ ಬಂದು ನಿಂತಿದ್ದೆ. ಹಳೆಯ ಮಕ್ಕಳನ್ನೆಲ್ಲ ಕರೆದು ತೋರಿಸಬೇಕೆನಿಸಿತು.

ಜೋಮ್‌ಸೋಮ್‌ನಲ್ಲಿ ಬಿಸಿಲೇರಿದ ಮೇಲೆ ಗಾಳಿ ಶುರುವಾಗುತ್ತದೆ. ನಮ್ಮ ಘಟ್ಟದ ಗಾಳಿ ಇದರ ಮುಂದೆ ಬೀಸಣಿಗೆ. ಬಿಸಿಲಿಗೆಂದು ನಾನು ಕೊಡೆ ಬಿಚ್ಚಿದ್ದೇ ತಡ, ಅದು ತಲೆಕೆಳಗಾಗಿ ನನ್ನನ್ನೂ ನಾಲ್ಕು ಹೆಜ್ಜೆ ಎಳೆದುಕೊಂಡು ಹೋಯಿತು. ಅಂಗಡಿ ಕಟ್ಟೆಯಲ್ಲಿದ್ದ ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಕೊಡೆ ಎನ್ನುವುದು ಆ ಊರಿಗೆ ಅಷ್ಟು ಅಪರೂಪದ ವಸ್ತು.

ಅಣ್ಣ ಹೊಳೆದಂಡೆಯಲ್ಲಿ ಸಾಲಿಗ್ರಾಮ ಹುಡುಕಿದ. ಕರಿಗಲ್ಲೊಂದನ್ನು ಭಕ್ತಿಯಿಂದ ತಂದು ತಾಶಿಗೆ ತೋರಿಸಿದ. ಅವನು ತಿರುವಿ ನೋಡಿ, "ಇದು ರಸ್ತೆಗೆ ಹಾಕುವ ಕಲ್ಲು" ಎಂದ. ಅಣ್ಣ ಬೇಸರಪಡಲಿಲ್ಲ. ಮಣ್ಣಿನ ಗೋಡೆಗೆ ಬೆನ್ನು ಕೊಟ್ಟು ಬಿಸಿಲಿಗೆ ಕೂತ. ನೋಡುತ್ತಿದ್ದಂತೆ ತಲೆ ವಾಲಿತು. ಟೊಪ್ಪಿ ಜಾರಿತು. ಬಾಯಿ ಅರ್ಧ ತೆರೆದು ಸಣ್ಣಗೆ ಗೊರಕೆ ಹೊಡೆಯತೊಡಗಿದ. ನಾನು ಅವನ ಪಕ್ಕದಲ್ಲೇ ಗಾಳಿಗೆ ಅಡ್ಡವಾಗಿ ಕೂತೆ. ಅತ್ತಿಗೆಗೆ ಫೋನ್ ಮಾಡಿ, "ಮಲಗಿದ್ದಾನೆ" ಎಂದೆ. ಆ ಕಡೆಯಿಂದ ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಕೇಳುತ್ತಿತ್ತು.

ಪೇಮಾ ದೀದಿಯ ಒಲೆ

ಪುಣೆಯವರು ಜೋಮ್‌ಸೋಮ್‌ನಲ್ಲೇ ಇಳಿದುಕೊಂಡರು. ತಾಶಿಯ ಊರು ಮುಕ್ತಿನಾಥದ ದಾರಿಯಲ್ಲಿ, ಒಂದು ತೋಡಿನ ಪಕ್ಕ. ತೋಡು ಎಂದರೆ ನಮ್ಮಲ್ಲಿ ಸಣ್ಣ ಹಳ್ಳ. ಮಣ್ಣಿನ ಮನೆಗಳು, ಮಣ್ಣಿನದ್ದೇ ಚಪ್ಪಟೆ ಮಾಡು, ಅಂದರೆ ಚಾವಣಿ. ಮಾಡಿನ ಅಂಚಿಗೆ ಸೌದೆ ಒಟ್ಟಿರುತ್ತಾರೆ, ಅದು ಮನೆಯ ಅಂತಸ್ತು. ಎಲ್ಲ ಮನೆಯ ಮೇಲೂ ಹಿಮ ಗೋರುವ ಮರದ ಸಲಿಕೆ ಇತ್ತು. ಈಚೆಗೆ ಅವಕ್ಕೆ ಹೆಚ್ಚು ಕೆಲಸವಿಲ್ಲವಂತೆ.

ತಾಶಿಯ ತಾಯಿ ಪೇಮಾ ಹೆಚ್ಚುಕಡಿಮೆ ಅಣ್ಣನ ವಯಸ್ಸಿನವಳು. ಗುಂಡು ಮುಖ, ಕಿವಿಯಲ್ಲಿ ಹವಳ. ಅಣ್ಣ ಅವಳನ್ನು ದೀದಿ ಎಂದ, ಅವಳು ಅವನನ್ನು ದಾಜು ಎಂದಳು. ನೇಪಾಳಿಯಲ್ಲಿ ಅಣ್ಣ ಎಂದರ್ಥ. ನಾನು ಬಹಿನಿ. ಇಬ್ಬರ ಹಿಂದಿಯೂ ಒಂದೇ ಮಗ್ಗದಲ್ಲಿ ನೇಯ್ದಂತಿತ್ತು. ಎಷ್ಟೋ ವರ್ಷದ ನೆಂಟರು ಸಿಕ್ಕಂತೆ ಮಾತಾಡಿಕೊಂಡರು. ಕಪ್ಪು ಹಿಟ್ಟಿನ ಮುದ್ದೆಯಂಥದ್ದನ್ನು ಬಡಿಸಿದಳು, ಉಪ್ಪು ಬೆಣ್ಣೆ ಹಾಕಿದ ಚಹಾ ಕೊಟ್ಟಳು. ಚಹಾ ಕುಡಿದ ಅಣ್ಣ ಅದನ್ನು ಸಾರು ಎಂದುಕೊಂಡು ಮುದ್ದೆಗೆ ಸುರಿದುಕೊಂಡ. ಅವಳು ನೋಡಿ, ತಾನೂ ಹಾಗೇ ಸುರಿದುಕೊಂಡಳು. ಅತಿಥಿಗೆ ಮುಜುಗರವಾಗದಿರಲು ಹಾಗೆ ಮಾಡಿದಳೆಂದು ನನಗೆ ತಿಳಿದದ್ದು ಮರುದಿನ.

ಮಾತು ಮಳೆಗೆ ಬಂತು. ಎಲ್ಲಿಂದ ಹೊರಟರೂ ನಮ್ಮ ಮಾತು ಅಲ್ಲಿಗೇ ಬರುತ್ತದೆ.

"ಈಗ ಇಲ್ಲೂ ಬರುತ್ತದೆ" ಎಂದಳು ಪೇಮಾ. "ನಾನು ಮದುವೆಯಾಗಿ ಬಂದಾಗ ಮಳೆ ಎಂದರೆ ಬಟ್ಟೆಗೆ ಚಿಮುಕಿಸಿದಷ್ಟು. ಈಗ ಮಾಡು ಸೋರುತ್ತದೆ. ಸೇಬಿಗೆ ಹುಳ ಬೀಳುತ್ತದೆ."

"ಯಾಕೆ ಹೀಗಾಯ್ತು ದೀದಿ?" ಅಣ್ಣ ಕೇಳಿದ.

ನೀರಿನಲ್ಲಿ ಲೂ ಇರುತ್ತಾರೆ ಎಂದಳು. ಸೊಂಟದ ಕೆಳಗೆ ಹಾವು, ಮೇಲೆ ಮನುಷ್ಯರೂಪ. ಒರತೆ ಅವರ ಮನೆ. ಜನ ಅಲ್ಲಿ ಸೋಪಿನ ಪುಡಿ ಹಾಕಿ ಬಟ್ಟೆ ಒಗೆಯುತ್ತಾರೆ, ಲೂಗಳಿಗೆ ಕಣ್ಣುರಿ, ಅದಕ್ಕೇ ಈ ಕೋಪ. ಪಕ್ಕದ ಮನೆಯವಳ ಮಾತು ಬೇರೆಯಂತೆ. ಹಣವಂತರು ಸಿಮೆಂಟಿನ ಮಾಡು ಕಟ್ಟಿದರು. ಇನ್ನು ಬಂದರೂ ತೊಂದರೆಯಿಲ್ಲ ಎಂದು ಮಳೆಗೆ ಗೊತ್ತಾಯಿತು, ಬಂತು.

ನಾಗನ ಮಾತು ಬಂದದ್ದೇ ಅಣ್ಣ ನೆಟ್ಟಗೆ ಕೂತ. ನಮ್ಮ ನಾಗಬನದ ವಿಷಯ ಹೇಳಿದ. ಅಲ್ಲಿ ಒಣಗಿದ ಕಡ್ಡಿಯನ್ನೂ ಮುರಿಯುತ್ತಿರಲಿಲ್ಲ ಎಂದ. ಆಮೇಲೆ ವಿಮಾನ ಬಂತು, ಜರಡಿ ಬಂತು, ಗೋಣಿ ಬಂತು. ಪೇಮಾ ಗಂಭೀರವಾಗಿ ತಲೆಯಾಡಿಸಿದಳು. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿದರು.

ನಾನು ಹೊಗೆಯ ಕಂಬಳಿಯ ಕಥೆ ಹೇಳಿದೆ. ಎಲ್ಲೋ ದೂರದ ಕಾರ್ಖಾನೆ, ಎಲ್ಲರ ವಾಹನ, ಎಲ್ಲ ಸೇರಿ ಎಂದೆ. ಸಾಲದ್ದಕ್ಕೆ ದನಗಳು ಮೆಲುಕು ಹಾಕುವಾಗ ತೇಗಿದ ಗಾಳಿಯೂ ಭೂಮಿಯನ್ನು ಬಿಸಿ ಮಾಡುತ್ತದೆ ಎಂದೂ ಹೇಳಿದೆ. ಪೇಮಾ ನಗಲು ಶುರುಮಾಡಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ದನದ ತೇಗು" ಎಂದು ತನ್ನ ಭಾಷೆಯಲ್ಲಿ ಹೇಳಿಕೊಂಡು ಮತ್ತೆ ನಕ್ಕಳು. ಅಣ್ಣನೂ ನಗುತ್ತಿದ್ದ.

"ನನ್ನ ವಿಮಾನಕ್ಕೆ ನೀನು ನಗ್ತೀಯಲ್ಲ" ಎಂದ.

ಆ ಒಲೆಯ ಮುಂದೆ ಮೂರು ಮಾತುಗಳಲ್ಲಿ ನಿಜವಾದದ್ದೇ ಅತಿ ದೊಡ್ಡ ಸುಳ್ಳಿನಂತೆ ಕೇಳಿಸಿತು. ಅದನ್ನು ಒಪ್ಪಿಕೊಂಡು ನಾನೂ ನಕ್ಕೆ.

ನಗು ನಿಂತ ಮೇಲೆ ಅಣ್ಣ ಒಂದು ಮಾತು ಹೇಳಿದ. ಇಷ್ಟು ವರ್ಷ ನನಗಾಗಲಿ ಅತ್ತಿಗೆಗಾಗಲಿ ಹೇಳದ್ದನ್ನು ಆ ಹರಕು ಹಿಂದಿಯಲ್ಲಿ ಪೇಮಾಗೆ ಹೇಳಿದ. ಬೆಟ್ಟ ಜಾರುವ ಸ್ವಲ್ಪ ಮೊದಲು ಅವನು ಕೊಟ್ಟಿಗೆಗೆ ಓಡಿದ್ದ. ಎರಡು ದನ ಕಟ್ಟಿದ್ದವು. ಹಗ್ಗದ ಗಂಟು ಮಳೆಗೆ ನೆನೆದು ಬಿಗಿದುಹೋಗಿತ್ತು. ಉಗುರು ಕಿತ್ತುಬಂದರೂ ಗಂಟು ಬಿಡಲಿಲ್ಲ. ಕತ್ತಿ ತರಲು ಹೊರಗೆ ಬಂದ. ಹಿಂದೆ ತಿರುಗಿದಾಗ ಕೊಟ್ಟಿಗೆ ಇರಲಿಲ್ಲ.

ಪೇಮಾ ಅವನ ಲೋಟಕ್ಕೆ ಚಹಾ ಸುರಿದಳು.

ಮುಕ್ತಿನಾಥ

ದೇವಸ್ಥಾನದ ಹಿಂದೆ ಸಾಲಾಗಿ ಗೋಮುಖಗಳು, ಹಿಮದ ನೀರು. ಅದರಡಿ ಓಡುತ್ತ ಸ್ನಾನ ಮಾಡಬೇಕು. ನಾನು ಬೆರಳದ್ದಿ ತಲೆಗೆ ಹಚ್ಚಿಕೊಂಡೆ, ಅಷ್ಟಕ್ಕೇ ಹಲ್ಲು ಕಟಕಟ ಎಂದವು. ಅಣ್ಣ ಪಂಚೆ ಕಟ್ಟಿಕೊಂಡು ಇಳಿದ. ಚಿಕ್ಕವನಿದ್ದಾಗ ಜಡಿಮಳೆಯಲ್ಲಿ ತಲೆಯ ಮೇಲಿನ ಎಲೆಗೊರಬು ಬಿಸಾಡಿ ಗದ್ದೆ ಬದುವಿನಲ್ಲಿ ಓಡುತ್ತಿದ್ದನಲ್ಲ, ಅದೇ ಓಟ. ಕೊನೆಯ ಗೋಮುಖದ ಹತ್ತಿರ ನಿಂತು ಮೇಲಕ್ಕೆ ಮುಖ ಎತ್ತಿದ. ನೀರು ಮುಖದ ಮೇಲೆ ಬೀಳುತ್ತಿತ್ತು. ಅವನು ಮುಖ ತಿರುಗಿಸಲಿಲ್ಲ.

ಮಳೆ

ಹಿಂದಿರುಗಿ ಪೇಮಾಳ ಮನೆಯಲ್ಲಿ ಉಳಿದ ಎರಡನೆಯ ದಿನ ಬೆಳಿಗ್ಗೆ ಮೋಡ ಕಟ್ಟಿತು. ತಾಶಿ ಬಾಡಿಗೆಗೆಂದು ಜೋಮ್‌ಸೋಮ್‌ಗೆ ಹೋಗಿದ್ದ. ಮನೆಯಲ್ಲಿ ನಾವು ಮೂವರೇ. ಕೆಳಗೆ ಲಾಯದಲ್ಲಿ ಒಂದು ಮುದಿ ಹೇಸರಗತ್ತೆ.

ಮಧ್ಯಾಹ್ನಕ್ಕೆ ಮಳೆ ಹಿಡಿಯಿತು. ಮೊದಮೊದಲು ಊರಿನವರು ಓಣಿಯಲ್ಲಿ ನಿಂತು ಅಂಗೈ ಚಾಚಿ ನೋಡಿ ನಗುತ್ತಿದ್ದರು. ಆಮೇಲೆ ನಗು ನಿಂತಿತು. ಮಣ್ಣಿನ ಮಾಡು ನೀರು ಕುಡಿದು ಭಾರವಾಗಿ, ಒಳಗೆ ಕೆಸರಿನ ಹನಿ ಬೀಳತೊಡಗಿತು. ಪೇಮಾ ತಟ್ಟೆ, ಬೋಗುಣಿ, ಕೊನೆಗೆ ಚಹಾ ಲೋಟಗಳನ್ನೂ ಹರಡಿದಳು. ನಾವು ಟಾರ್ಪಾಲು ಹೊದಿಸಲು ಏಣಿ ಹತ್ತಿದೆವು. ನಾನು ಹಾಳಾದ ನನ್ನ ಕೊಡೆಯನ್ನು ಅವಳ ತಲೆಯ ಮೇಲೆ ಹಿಡಿದೆ.

ನಾನು ಅಣ್ಣನನ್ನೇ ನೋಡುತ್ತಿದ್ದೆ. ಮಳೆಯಿಂದ ತಪ್ಪಿಸಲೆಂದು ಇಷ್ಟು ದೂರ ಕರೆತಂದವಳು ನಾನು. ಆದರೆ ಅವನು ಹೆದರಿದಂತೆ ಕಾಣಲಿಲ್ಲ. ಗುದ್ದಲಿ ತೆಗೆದುಕೊಂಡು ಮನೆಯ ಹಿಂದೆ ನೀರು ಹೋಗಲು ಕಣಿ ಕಡಿಯುತ್ತಿದ್ದ. ಇಲ್ಲಿಯವರಿಗೆ ಮನೆಗೆ ಕಣಿ ಬೇಕು ಎಂದೇ ಗೊತ್ತಿಲ್ಲ ಎಂದು ಗೊಣಗುತ್ತಲೂ ಇದ್ದ.

ಹಾಗೆ ಕಡಿಯುತ್ತಿದ್ದವನು ಗುದ್ದಲಿ ಎತ್ತಿದಲ್ಲೇ ನಿಂತ.

"ಜಾನಕಿ, ತೋಡು ಕೇಳ್ತಾ ಉಂಟಾ?"

ಕಿವಿಗೊಟ್ಟೆ. ಮಧ್ಯಾಹ್ನದಿಂದ ಮೊರೆಯುತ್ತಿದ್ದ ತೋಡಿನ ಸದ್ದಿರಲಿಲ್ಲ. ಮಳೆ ಸುರಿಯುತ್ತಲೇ ಇತ್ತು. ಕೊಡಗಿನಲ್ಲಿ ಆ ಆಗಸ್ಟನ್ನು ಕಂಡ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಒಳಗೆ ಓಡಿ ಪೇಮಾಗೆ ಹೇಳಿದೆ. ಮೇಲೆ ಎಲ್ಲೋ ಬೆಟ್ಟ ಕುಸಿದು ತೋಡಿಗೆ ಅಡ್ಡ ಬಿದ್ದಿದೆ, ಹಿಂದೆ ನೀರು ತುಂಬುತ್ತಿದೆ, ಒಡೆದರೆ ಎಲ್ಲ ಒಟ್ಟಿಗೆ ಬರುತ್ತದೆ, ಈಗಲೇ ಏಳಬೇಕು. ಪಾಠ ಮಾಡಿದಷ್ಟೇ ಸ್ಪಷ್ಟವಾಗಿ ಹೇಳಿದೆ. ಅವಳು ದೇವರ ಕೋಣೆಯಲ್ಲಿ ಧೂಪದ ಸೊಪ್ಪು ಹಚ್ಚುತ್ತಿದ್ದಳು.

"ನೀರು ನಿಂತಿತಲ್ಲ ಬಹಿನಿ, ಒಳ್ಳೆಯದೇ ಆಯಿತು" ಎಂದಳು. "ಲೂ ಶಾಂತರಾದರು. ಇನ್ನು ದೇವರನ್ನು ಬಿಟ್ಟು ಎಲ್ಲಿಗೆ ಹೋಗಲಿ?"

ಅವಳ ಕೈ ಹಿಡಿದು ಎಳೆದೆ. ಅವಳು ಕದಲಲಿಲ್ಲ. ಅಷ್ಟರಲ್ಲಿ ಅಣ್ಣ ಕೆಸರುಗಾಲಿನಲ್ಲೇ ಬಾಗಿಲಿಗೆ ಬಂದ. ಕೈಯಲ್ಲಿ ಅಡುಗೆಮನೆಯ ಚೂರಿ, ತುಂಡಾದ ಹಗ್ಗ. ಹೇಸರಗತ್ತೆಯನ್ನು ಆಗಲೇ ಬಿಟ್ಟು ಗುಡ್ಡದ ಕಡೆ ಅಟ್ಟಿ ಬಂದಿದ್ದ.

"ದೀದಿ, ಲೂ ಶಾಂತ ಆಗ್ಲಿಲ್ಲ" ಎಂದ. ದನಿ ಏರಿಸಲಿಲ್ಲ. "ಉಸಿರು ಹಿಡ್ಕೊಂಡಿದ್ದಾನೆ. ನಮ್ಮ ಊರಿನಲ್ಲೂ ಹೀಗೇ ಹಿಡಿದ. ಅವನು ಹೊರಟಾಗ ದಾರಿಯಲ್ಲಿ ನಾವು ಇರಬಾರದು. ದಾರಿ ಬಿಡುವ, ಏಳಿ."

ಪೇಮಾ ಅವನ ಮುಖ ನೋಡಿದಳು. ನಂತರ ದೇವರ ಸಣ್ಣ ವಿಗ್ರಹವನ್ನು ತೆಗೆದು ಮಡಿಲಿಗೆ ಹಾಕಿಕೊಂಡು ಎದ್ದಳು.

ಹೊರಗೆ ಬಂದ ಮೇಲೆ ಅಣ್ಣ ನಮ್ಮನ್ನು ಗೊಂಪಾದ ದಾರಿಗೆ ಹಚ್ಚಿ ತಾನು ಓಣಿಗೆ ಇಳಿದ. ಗೊಂಪಾ ಎಂದರೆ ಅವರ ದೇವಸ್ಥಾನ, ಊರಿನ ಮೇಲಿನ ದಿಬ್ಬದಲ್ಲಿತ್ತು. ಅಣ್ಣ ಒಂದು ಹಿತ್ತಾಳೆ ತಟ್ಟೆ ಬಡಿಯುತ್ತ, ನಮ್ಮ ಕಡೆ ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಕರೆಯುವ ಹಾಗೆ ಉದ್ದಕ್ಕೆ ಕೂ ಹಾಕಿದ. ಪೇಮಾ ತಿರುತಿರುಗಿ ನಿಂತು ತನ್ನ ಭಾಷೆಯಲ್ಲಿ ಕೂಗಿದಳು. ಜನ ಬಂದರು. ಕೆಲವರು ಬೈಯುತ್ತ ಬಂದರು, ಆದರೂ ಬಂದರು. ಎಲ್ಲರ ಹಿಂದೆ ಅಣ್ಣ, ಒಬ್ಬ ಮುದುಕರನ್ನು ಬೆನ್ನ ಮೇಲೆ ಹೊತ್ತುಕೊಂಡು.

ದಿಬ್ಬದ ಮೇಲೆ ನಿಂತು ಉಸಿರು ಸುಧಾರಿಸಿಕೊಳ್ಳುತ್ತಿದ್ದಾಗ ಸದ್ದು ಬಂತು. ಮೊದಲು ನೆಲ ನಡುಗಿತು. ಆಮೇಲೆ ಕಣಿವೆಯ ತಿರುವಿನಲ್ಲಿ ಕಂದುಗೋಡೆಯೊಂದು ಕಾಣಿಸಿಕೊಂಡಿತು, ಬಂಡೆಗಳು ಅದರೊಳಗೆ ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. ಸೇಬಿನ ಮರಗಳು ನಿಂತ ಹಾಗೇ ಹೊರಟುಹೋದವು. ಲಾಯ ಹೋಯಿತು. ಪೇಮಾಳ ಮನೆಯ ತೋಡಿನ ಮಗ್ಗುಲು, ನಾವು ನಕ್ಕ ಆ ಒಲೆಯ ಕೋಣೆ, ನೆನೆದ ರೊಟ್ಟಿಯ ಹಾಗೆ ಕಳಚಿ ಬಿತ್ತು.

ಅಣ್ಣ ಕಣ್ಣು ಮುಚ್ಚಲಿಲ್ಲ. ಪೇಮಾಳ ಪಕ್ಕದಲ್ಲಿ ನಿಂತು ಪೂರ್ತಿ ನೋಡಿದ.

ಗೊಂಪಾ

ಊರಿನವರೆಲ್ಲ ಬದುಕಿದ್ದರು. ರಸ್ತೆ ಕೊಚ್ಚಿಹೋಗಿದ್ದರಿಂದ ಕೆಲವು ದಿನ ಗೊಂಪಾದಲ್ಲೇ ಉಳಿದೆವು. ಒಂದೇ ಹಂಡೆಯ ಗಂಜಿ. ಸುತ್ತ ಗೋಡೆಯ ಮೇಲೆ ಬಣ್ಣದ ದೇವರುಗಳು, ಕೆಳಗೆ ಒದ್ದೆ ಬಟ್ಟೆಯ ಜನ. ಬೆಟ್ಟ ಜಾರಿದ ಮೇಲೆ ನಮ್ಮ ಕಡೆ ಶಾಲೆಯೊಂದರಲ್ಲಿ ಅಣ್ಣ, ಅತ್ತಿಗೆ ಕಳೆದ ದಿನಗಳೂ ಹೀಗೇ ಇದ್ದವು.

ಎರಡನೆಯ ದಿನ ಕಾರಣಗಳ ಮಾತು ಶುರುವಾಯಿತು. ಭಾಷೆ ತಿಳಿಯದಿದ್ದರೂ ಜಗಳ ತಿಳಿಯುತ್ತದೆ. ಸೋಪಿನ ಪುಡಿ, ಸಿಮೆಂಟಿನ ಮಾಡು, ಜೀಪು. ಕೊನೆಗೆ ಪ್ರಾರ್ಥನೆಯ ಚಕ್ರ ತಿರುಗಿಸುತ್ತಿದ್ದ ಒಬ್ಬ ಹಿರಿಯರು ಗೋಡೆಗೆ ಒರಗಿಸಿದ್ದ ನನ್ನ ಕೊಡೆಯನ್ನು ಬೆರಳು ಮಾಡಿ ತೋರಿಸಿ ಏನೋ ಅಂದರು. ಎಲ್ಲರೂ ನಮ್ಮ ಕಡೆ ನೋಡಿದರು.

"ಏನಂತೆ?" ಎಂದು ಪೇಮಾಳನ್ನು ಕೇಳಿದೆ.

ಅವಳು ಹೇಳಲು ಹಿಂಜರಿದಳು. "ಇವರು ಮಳೆಯ ದೇಶದವರು, ಕೊಡೆ ಹಿಡಿದು ಬಂದರು, ಮಳೆಯೂ ಹಿಂದೆಯೇ ಬಂತು ಅನ್ನುತ್ತಾರೆ."

ಅಣ್ಣನ ಮುಖ ಕುಗ್ಗಿತು. ಅವನು ಬೆನ್ನ ಮೇಲೆ ಹೊತ್ತು ತಂದದ್ದು ಇದೇ ಹಿರಿಯರನ್ನು. ಪೇಮಾ ಎದ್ದು ನಿಂತು ಅವರಿಗೆ ಒಂದೇ ಮಾತು ಹೇಳಿದಳು. ಜನ ತಲೆ ತಗ್ಗಿಸಿದರು. ಆಮೇಲೆ ಅದನ್ನು ನಮಗೂ ಹೇಳಿದಳು: "ಮಳೆ ತಂದಿದ್ದರೆ ತಂದಿರಲಿ. ಅದನ್ನು ಕೇಳುವ ಕಿವಿಯನ್ನೂ ಅವರೇ ತಂದರು."

ಆ ಸಂಜೆ ಗೊಂಪಾದ ಮೆಟ್ಟಿಲ ಮೇಲೆ ಕೂತು ಅಣ್ಣನನ್ನು ಕೇಳಿದೆ.

"ಲೂ ಅಂದೆಯಲ್ಲ. ನಿನ್ನ ವಿಮಾನ ಎಲ್ಲಿ ಹೋಯಿತು?"

"ವಿಮಾನದ ಕಥೆ ಹೇಳಿ ಅವಳನ್ನು ಎಬ್ಬಿಸ್ಲಿಕ್ಕೆ ಎಷ್ಟು ಹೊತ್ತು ಬೇಕು?" ಎಂದ. "ನಿನ್ನ ಕಂಬಳಿಗೆ ಅದಕ್ಕಿಂತ ಹೆಚ್ಚು."

ಎಲ್ಲರೂ ಕೈಗೆ ಎಟಕುವ ಕಾರಣವನ್ನೇ ಹಿಡಿದಿದ್ದರು. ಸೋಪು ಹಾಕಿದ ನೆರೆಯವಳನ್ನು ಬೈಯಬಹುದು, ಕೊಡೆ ಹಿಡಿದವಳನ್ನು ಓಡಿಸಬಹುದು. ಎಲ್ಲಿಯದೋ ಹೊಗೆಯನ್ನು ಏನು ಮಾಡುವುದು? ಆ ಹೊಗೆಯಲ್ಲಿ ನಾವು ಬಂದ ವಿಮಾನದ್ದೂ ಒಂದು ಪಾಲಿತ್ತು. ವಿಮಾನ ಮೋಡವನ್ನು ಹರಿಯುವುದಿಲ್ಲ ನಿಜ, ಆದರೆ ಅಣ್ಣನ ಮಾತನ್ನು ಪೂರ್ತಿ ತಳ್ಳಿಹಾಕುವ ಧೈರ್ಯವೂ ನನಗೆ ಆ ಹೊತ್ತಿನಲ್ಲಿ ಬರಲಿಲ್ಲ.

ಮೂರನೆಯ ದಿನ ತಾಶಿ ನಡೆದುಕೊಂಡೇ ಬಂದ. ತಾಯಿಯನ್ನು ಕಂಡು ಅವಳ ಕಾಲ ಬುಡದಲ್ಲಿ ಕುಸಿದು ಕೂತ. ಅವಳು ಅವನ ಕೂದಲಿನ ಕೆಸರನ್ನು ಉಗುರಿನಿಂದ ಕೆರೆದು ತೆಗೆಯುತ್ತ ಏನೋ ಗದರಿಸುತ್ತಿದ್ದಳು. ಹೇಸರಗತ್ತೆಯೂ ಅಷ್ಟರಲ್ಲಿ ತಾನಾಗಿ ಇಳಿದು ಬಂದಿತ್ತು.

ಹೊರಡುವಾಗ ಪೇಮಾ ನನ್ನನ್ನು ಪಕ್ಕಕ್ಕೆ ಕರೆದಳು. "ಬಹಿನಿ, ನೀನು ಓದಿದವಳು. ಮುಂದಿನ ವರ್ಷವೂ ಬರುತ್ತದಾ?"

ವರ್ಷಾನುಗಟ್ಟಲೆ ಹಲಗೆಯ ಮೇಲೆ ಖಾಲಿ ಬಿಟ್ಟ ಜಾಗದಲ್ಲಿ ನಿಂತು, "ಬರಬಹುದು ದೀದಿ" ಎಂದೆ. ಮನೆಯನ್ನು ತೋಡಿನ ಹತ್ತಿರ ಮತ್ತೆ ಕಟ್ಟಬೇಡ ಎಂದೂ ಹೇಳಿದೆ. ಅವಳು ತಲೆಯಾಡಿಸಿದಳು. ಈ ಸಲ ನಗಲಿಲ್ಲ.

ಮತ್ತೆ ಸಂಪಾಜೆ

ಬಂದು ಸೇರಿದಾಗ ಆಟಿ ಮುಗಿದಿತ್ತು. ಅತ್ತಿಗೆ ಆಟಿಸೊಪ್ಪನ್ನು ಒಣಗಿಸಿಟ್ಟು, ತಡವಾಗಿಯಾದರೂ ಪಾಯಸ ಮಾಡಿದರು. ಬಣ್ಣ ಮಾಸಲಾಗಿ ಬಂತು.

ಅಣ್ಣನ ಹೆದರಿಕೆ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಜೋರು ಮಳೆಗೆ ಈಗಲೂ ಎದ್ದು ಕೂರುತ್ತಾನೆ. ವಿಮಾನವನ್ನೂ ಬಿಟ್ಟಿಲ್ಲ. ಆದರೆ ಒಬ್ಬನೇ ಕೂರುವುದಿಲ್ಲ. ಪೇಮಾ ಊರಿನ ಮೇಲಿನ ದಿಬ್ಬದಲ್ಲಿ ತಂಗಿಯ ಮನೆ ಸೇರಿದ್ದಾಳೆ. ಅಲ್ಲಿ ಮೋಡ ಕಟ್ಟಿದರೆ ಅವಳು ಇವನಿಗೆ ಫೋನ್ ಮಾಡುತ್ತಾಳೆ. ಇಲ್ಲಿ ಹಿಡಿದರೆ ಇವನು ಮಾಡುತ್ತಾನೆ. ಇಬ್ಬರೂ ಫೋನಿನಲ್ಲಿ ಕಿರುಚಿಯೇ ಮಾತಾಡುವುದು, ಅಷ್ಟು ದೂರ ಮುಟ್ಟಬೇಕಲ್ಲ ಎಂಬಂತೆ.

ಕಳೆದ ವಾರ ನಾನು ಹೋಗಿದ್ದಾಗ ಮಧ್ಯಾಹ್ನ ಊಟದ ಹೊತ್ತಿಗೆ ಮಳೆ ಬಿರುಸಾಯಿತು. ಅಣ್ಣ ಕೈ ತೊಳೆದುಕೊಂಡು ಫೋನ್ ತೆಗೆದ.

"ಇಲ್ಲಿ ಬಿಸಿಲು ದಾಜು" ಎಂಬ ಪೇಮಾಳ ದನಿ ನನಗೂ ಕೇಳಿಸಿತು. "ನಿಮ್ಮಲ್ಲಿ?"

ಅಣ್ಣ ಜಗಲಿಯ ಅಂಚಿಗೆ ಹೋಗಿ ತೋಳು ಹೊರಗೆ ಚಾಚಿ ಫೋನನ್ನು ಹೊಳೆಯ ಕಡೆಗೆ ಹಿಡಿದ. ಕೆಳಗೆ ಪಯಸ್ವಿನಿ ತುಂಬಿ ಹರಿಯುತ್ತಿತ್ತು. ಅಂಗಿಯ ತೋಳೆಲ್ಲ ಒದ್ದೆಯಾಗುವ ತನಕ ಹಾಗೇ ನಿಂತಿದ್ದ. ಆಮೇಲೆ ಕಿವಿಗೆ ಇಟ್ಟುಕೊಂಡ.

"ಕೇಳಿತು ದಾಜು" ಎಂದಳು ಪೇಮಾ. "ಹರಿಯುತ್ತಾ ಇದೆ."

"ಹೌದು ದೀದಿ, ಹರೀತಾ ಉಂಟು" ಎಂದ ಅಣ್ಣ. ಫೋನ್ ಇಟ್ಟು ಒಳಗೆ ಬಂದು, ಅತ್ತಿಗೆಯ ಕಡೆ ತಿರುಗಿ, "ಚಾಪೆ ಹಾಕು, ಸ್ವಲ್ಪ ಮಲಗ್ತೇನೆ" ಎಂದ.